ಮುಖ ತಿರುಗಿಸಿದ ಕಲ್ಲುಗಳು

ಪುಚೊಂಗ್, ಮಲೇಷ್ಯಾ
9 ಮಾರ್ಚ್ 2025

ಅಪ್ಪಾ,

ನಿನ್ನ ಮೊಮ್ಮಗಳಿಗೆ ಕನ್ನಡದಲ್ಲಿ ಬರೆಯಲು ಬರುವುದು ಹತ್ತೇ ಗುರುತು. ಸೊನ್ನೆಯಿಂದ ಒಂಬತ್ತರವರೆಗೆ. ಜನವರಿಯಲ್ಲಿ ರಜೆಗೆ ಬಂದಾಗ ನೀನೇ ಬಾಲ್ಕನಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿಸಿ ಕಲಿಸಿದ್ದು. ಈಗ ನೋಡಿದರೆ ಅದೇ ಹತ್ತು ಗುರುತಿನ ಮೇಲೆ ಒಂದು ದೇಶ ತನ್ನ ಚರಿತ್ರೆಯನ್ನೇ ಕಟ್ಟಿಕೊಳ್ಳುತ್ತಿದೆ.

ನೀನು ಅಲ್ಲಿರುವ ಕಾರಣಕ್ಕೆ ನಾನು ತೊರ್ವಾನಿನ ಸುದ್ದಿಯನ್ನು ದಿನಾ ಫೋನಿನಲ್ಲಿ ಹುಡುಕಿ ನೋಡುತ್ತೇನೆ. ಮೊನ್ನೆ ಸಂಜೆ ಮಾಮಕ್ ಹೋಟೆಲಿನಿಂದ ಮೀ ಗೋರೆಂಗ್ ನೂಡಲ್ಸ್ ಕಟ್ಟಿಸಿಕೊಂಡು ಬಂದು ಅನನ್ಯಳ ಮುಂದಿಟ್ಟು, ನಾನು ವಿಡಿಯೊ ಹಾಕಿದೆ. ನಿಮ್ಮ ಕಂಪನಿ ದುರಸ್ತಿ ಮಾಡುತ್ತಿರುವ ಕೋಟೆಯ ಮುಂದೆ ಆ ದೇಶ ಆಳುವ ಮಾರ್ಷಲ್ ನಿಂತಿದ್ದ. ಪಕ್ಕದಲ್ಲಿ ಒಬ್ಬ ಪ್ರೊಫೆಸರ್. ಪೂರ್ವದ ಗೋಡೆಯ ಕಲ್ಲುಗಳ ಮೇಲೆ ತೊರ್ವಾನರ ಪೂರ್ವಜರ ಲಿಪಿ ಸಿಕ್ಕಿದೆ, ಹತ್ತೇ ಅಕ್ಷರಗಳ ಲಿಪಿ, ಜಗತ್ತಿನಲ್ಲೇ ಹಳೆಯದು ಎಂದು ಆತ ಕೋಲು ಹಿಡಿದು ತೋರಿಸುತ್ತಿದ್ದ. ಅನನ್ಯ ತಲೆ ಓರೆ ಮಾಡಿ ನೋಡಿ, "ಅಮ್ಮಾ, ವೈ ಈಸ್ ಅಜ್ಜಾಸ್ ಫಾರ್ಟಿ ಸೆವೆನ್ ಅಪ್‌ಸೈಡ್ ಡೌನ್?" ಅಂದಳು.

ಎಂಟು ವರ್ಷದ ಮಗುವಿಗೆ ಗೊತ್ತಾಯಿತು, ಅಪ್ಪಾ. ನಲವತ್ತೇಳು. ನಿನ್ನ ನಾಲ್ಕಿನ ಬಾಲ, ನಿನ್ನ ಏಳಿನ ಡೊಂಕು. ನಿನ್ನ ಕೈ ನನಗೆ ಗೊತ್ತಿಲ್ಲವೇ? ಕ್ಲಾಂಗಿನ ಗುಡಿ ಕಟ್ಟುವಾಗ ನಾನು ಆ ನಂಬರುಗಳ ಮೇಲೆ ಕುಂಟೆಬಿಲ್ಲೆ ಆಡಿ ಬೆಳೆದವಳು.

ನನಗೆ ಒಂದೇ ಒಂದು ಪ್ರಶ್ನೆ. ಗೋಡೆ ಬಿಚ್ಚುವಾಗ ನಂಬರನ್ನು ನೀನು ಯಾವಾಗಲೂ ಕಲ್ಲಿನ ಬೆನ್ನಿಗೆ ಹಾಕುತ್ತೀ. ಬೆನ್ನು ಗೋಡೆಯ ಒಳಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಹಾಗಿದ್ದರೆ ಆ ಗೋಡೆಯ ಬೆನ್ನು ಹೊರಗೆ ಏಕಿದೆ? ಮುಖ ಎಲ್ಲಿ ಹೋಯಿತು?

ಜನವರಿಯಲ್ಲಿ ಹದಿನೈದು ದಿನ ನಮ್ಮ ಮನೆಯಲ್ಲೇ ಇದ್ದೆ. ಒಂದು ಮಾತು ಬಾಯಿ ಬಿಡಲಿಲ್ಲ. ಹೋಗುವಾಗ ಕಲ್ಲಿನ ಪಟ್ಟಿಯ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟು ಹೋದೆ. ಮರೆತು ಹೋದೆ ಅಂದುಕೊಂಡಿದ್ದೆ. ನೀನು ಊಟ ಮರೆಯಬಹುದು, ಆ ಪುಸ್ತಕ ಮರೆಯುವವನಲ್ಲ.

ಫೋನಿನಲ್ಲಿ ಉತ್ತರ ಬೇಡ, ನಿನ್ನ ಪಕ್ಕ ಸಿಪಾಯಿ ಕೂತಿರುತ್ತಾನೆ. ಇಲ್ಲಿಂದ ಕೋಟೆಗೆ ಬರುವ ಸುಣ್ಣದ ಕಂಟೇನರಿನ ಕಾಗದಗಳು ವಾಪಸು ಬರುವ ಚೀಲದಲ್ಲೇ ಪತ್ರ ಕಳಿಸು. ಬಂದರಿನಲ್ಲಿ ಆ ಕಾಗದ ತಯಾರು ಮಾಡುವವಳು ನಾನೇ. ಅವರು ಬಿಚ್ಚಿ ನೋಡಿದರೆ ನೋಡಲಿ. ಅಲ್ಲಿ ಕನ್ನಡ ಓದುವವರಿಲ್ಲ, ನಿನ್ನ ಕೈಬರಹ ಯಂತ್ರಕ್ಕೂ ಬಗ್ಗುವಂಥದ್ದಲ್ಲ. ಮತ್ತೆ "ಇತ್ತ ಎಲ್ಲ ಕ್ಷೇಮ" ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬೇಡ.

ರತ್ನ


ತೊರ್ವಾನ್, ಕೋಟೆಯ ಕೆಲಸದ ಠಾಣ್ಯ
4 ಏಪ್ರಿಲ್ 2025

ಮಗಳೇ ರತ್ನವ್ವ,

ನಿನ್ನ ಪತ್ರ ಮುಟ್ಟಿತು. ಅದೇ ಚೀಲದಲ್ಲಿ ಬಂದ ಸುಣ್ಣದ ಮಾದರಿಗಿಂತ ಅದೇ ಹೆಚ್ಚು ಸುಟ್ಟಿತು. ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದಿಲ್ಲ, ಆಯಿತಾ?

ಕೇಳು. ಪೂರ್ವದ ಗೋಡೆ ಹೊಟ್ಟೆ ಬಿಟ್ಟಿತ್ತು. ಬಿಚ್ಚಿ ಕಟ್ಟದೆ ಗತಿಯಿರಲಿಲ್ಲ. ನಾನೂರ ಹನ್ನೆರಡು ಕಲ್ಲು ಇಳಿಸಿದೆವು. ಬಣ್ಣದಲ್ಲಿ ನಂಬರು ಬರೆದರೆ ಮಳೆಗೆ ಹೋಗುತ್ತದೆ ಎಂದು ಚಾಣದಲ್ಲೇ ಬೆನ್ನಿಗೆ ಕೊರೆದೆ. ಯಾವ ಕಲ್ಲಿನ ಮುಖದಲ್ಲಿ ಏನಿತ್ತು, ಯಾವ ಸಾಲು, ಎಷ್ಟನೆಯದು ಎಲ್ಲ ಆ ಪುಸ್ತಕದಲ್ಲಿದೆ. ನಿನಗೆ ಸಣ್ಣವಳಿದ್ದಾಗಲೇ ಹೇಳಿದ್ದೆ: ಕಲ್ಲಿಗೆ ನಂಬರು ಹಾಕುವುದು ಎಣಿಸಲಿಕ್ಕಲ್ಲ, ಬಿಚ್ಚಿದ್ದನ್ನು ಅದರ ಜಾಗಕ್ಕೇ ತಂದು ಕೂಡಿಸಲಿಕ್ಕೆ.

ಆ ಕಲ್ಲುಗಳ ಮುಖದ ಮೇಲೆ ಒಂದೊಂದು ಗುರುತು ಕೆತ್ತಿದ್ದಾರೆ. ಒಂದರ ಮೇಲೆ ಮೀನು, ಒಂದರ ಮೇಲೆ ಕುಡುಗೋಲು, ಒಂದರ ಮೇಲೆ ಬಾಚಣಿಗೆ. ಕೋಟೆಯ ಬುಡದಲ್ಲಿ ಸೊಲಾನ್ ಎಂಬ ಜನ ಇದ್ದಾರೆ, ಅರವತ್ತಮೂರು ಮನೆ. ಆ ಗುರುತುಗಳೆಲ್ಲ ಅವರ ಮನೆತನದವು. ಏಳುನೂರು ವರ್ಷದ ಕೆಳಗೆ ಮನೆಗಿಷ್ಟು ಕಲ್ಲಿನಂತೆ ಕೊಟ್ಟು ಈ ಗೋಡೆ ಎಬ್ಬಿಸಿದವರು ಅವರು. ಇವತ್ತಿಗೂ ಅವರವರ ಬಾಗಿಲ ಮೇಲೆ ಅದೇ ಮೀನು, ಅದೇ ಬಾಚಣಿಗೆ ಇದೆ.

ಕಳೆದ ಅಕ್ಟೋಬರಿನಲ್ಲಿ ಒಬ್ಬ ಮೇಜರ್ ಬಂದ. ಕೋಟೆ ಕಟ್ಟಿದವರು ತೊರ್ವಾನರು ಮಾತ್ರ, ಸೊಲಾನರು ನಿನ್ನೆ ಮೊನ್ನೆ ಬಂದವರು ಎಂದು ಮಾರ್ಷಲ್ ಹೇಳಿದ್ದಾರೆ, ಈ ಗುರುತುಗಳನ್ನು ಕೆತ್ತಿ ಅಳಿಸಿಹಾಕು ಅಂದ. ನಾನು ಚಾಣ ಕೈಗೆ ತೆಗೆದುಕೊಂಡೆ. ಆಗಲಿಲ್ಲ ಮಗಳೇ. ಎಷ್ಟು ನೇರ ಗೆರೆ! ಅಳಿಸುವುದಕ್ಕೆ ತಿಂಗಳುಗಟ್ಟಲೆ ಬೇಕು, ತಿರುಗಿಸಿದರೆ ಹದಿನೈದೇ ದಿನ ಅಂದೆ. ಅವರಿಗೆ ಅವಸರವಿತ್ತು, ಮೇಜರ್ ಒಪ್ಪಿದ. ಮುಖಗಳನ್ನು ಒಳಗೆ ಮಾಡಿ ಕೂಡಿಸಿದೆವು. ನಲವತ್ತೇಳನೆಯದು ಮೊಂಡು ಕಲ್ಲು, ತಲೆಕೆಳಗಾಗಿಯೇ ಕೂತಿತು. ಬೆನ್ನಿನ ಮೇಲೆ ತೆಳ್ಳಗೆ ಗಾರೆ ಎಳೆದು, ಪಾಚಿ ಕಟ್ಟಿ ಹಳೆಯದಾಗಿ ಕಾಣಲಿ ಎಂದು ಮೊಸರು ಬಳಿದೆವು. ಅವಸರದ ಗಾರೆ ಮೊದಲ ಮಳೆಗೇ ಕಿತ್ತು ಬಂತು. ನಂಬರುಗಳು ಪಾಚಿ ಹಿಡಿದು ಎದ್ದು ಕಂಡವು. ಪ್ರೊಫೆಸರ್ ಅದನ್ನು ನೋಡಿ ಅತ್ತೇಬಿಟ್ಟನಂತೆ.

ನಾನು ನಮ್ಮ ಸೈಟ್ ಮ್ಯಾನೇಜರನಿಗೆ ಹೇಳಿದೆ, ಇದು ನಂಬರು ಎಂದು. ಮಾರ್ಷಲ್ ಕಿವಿಗೆ ಬಿದ್ದಾಗಿದೆ ಶಿವಪ್ಪ, ಇನ್ನು ಅದು ಸುಳ್ಳಾಗಲು ಸಾಧ್ಯವಿಲ್ಲ ಅಂದ. ಬೆಂಗಳೂರಿನ ಯಾರೋ ಹುಡುಗರು ಇಂಟರ್ನೆಟ್ಟಿನಲ್ಲಿ ಇದು ಕನ್ನಡದ ಅಂಕಿ ಎಂದು ನಕ್ಕರಂತೆ. ಅದಕ್ಕೆ ಪ್ರೊಫೆಸರ್ ಏನಂದ ಗೊತ್ತೇ? ಕನ್ನಡದವರು ನಮ್ಮ ಪೂರ್ವಜರಿಂದಲೇ ಎಣಿಸುವುದನ್ನು ಕಲಿತರು ಅಂದ! ನನಗೆ ನಗು ತಡೆಯಲಿಲ್ಲ. ನಕ್ಕರೆ ಕಷ್ಟ ಎಂದು ಕೆಮ್ಮಿದೆ.

ಅಳಿಸು ಅಂದರು, ನಾನು ತಿರುಗಿಸಿದೆ. ಗೋಡೆಯೊಳಗೆ ಎಲ್ಲ ಹಾಗೇ ಇದೆ. ಕಲ್ಲುಕೆಲಸದವನು ಇದಕ್ಕಿಂತ ಹೆಚ್ಚು ಏನು ಮಾಡಲಿ?

ನಿನ್ನ ಅಪ್ಪ
ಶಿವಪ್ಪ


ಪುಚೊಂಗ್
27 ಏಪ್ರಿಲ್ 2025

ಅಪ್ಪಾ,

ನಗು ಬಂತೇ? ಹಾಗಾದರೆ ಇದನ್ನೂ ಓದಿ ನಗು. ಕಳೆದ ವಾರ ನಿಮ್ಮ ಮಾರ್ಷಲ್ ಆಜ್ಞೆ ಹೊರಡಿಸಿದ್ದಾನೆ. ಗೋಡೆಯ ಮೇಲೆ ತೊರ್ವಾನ್ ಲಿಪಿ ಸಿಕ್ಕಿರುವುದರಿಂದ ಕೋಟೆಯ ಸುತ್ತಲಿನ ನೆಲ ತೊರ್ವಾನರ ಪಿತ್ರಾರ್ಜಿತ ಎಂದು ಸಾಬೀತಾಗಿದೆಯಂತೆ. ಅಲ್ಲಿರುವ ಸೊಲಾನರು ಅತಿಕ್ರಮಣಕಾರರಂತೆ. ಆಗಸ್ಟ್ ಇಪ್ಪತ್ತು ಅವರ ರಾಷ್ಟ್ರದಿನ. ಅವತ್ತು ಮಧ್ಯಾಹ್ನ ಕೋಟೆಯ ಉದ್ಘಾಟನೆ, ಸಂಜೆಯಿಂದ ಅರವತ್ತಮೂರು ಮನೆ ಕೆಡವುವುದು. ಸಾಕ್ಷಿ ಯಾರು? ನಿನ್ನ ನಲವತ್ತೇಳು. ನಿನ್ನ ಇನ್ನೂರ ಹತ್ತು. ನೀನು ಮೊಸರು ಬಳಿದು ಮುದಿ ಮಾಡಿದ ನಿನ್ನ ಅಂಕಿಗಳು.

ಸಿಟ್ಟು ತಡೆಯದೆ ಶುಕ್ರವಾರ ರಜೆ ಹಾಕಿ ಮಾಂಟ್ ಕಿಯಾರಾದಲ್ಲಿರುವ ನಿಮ್ಮ ಕಂಪನಿಯ ಡೈರೆಕ್ಟರ್ ಕಾರ್ತಿಕೇಯ ಅವರ ಆಫೀಸಿಗೆ ಹೋದೆ. ಒಳ್ಳೆಯ ಕಾಫಿ ಕೊಡಿಸಿದರು. ಗೋಡೆಯ ಮೇಲೆ ಕೋಟೆಯ ದೊಡ್ಡ ಫೋಟೊ. "ನೋಡಿಮ್ಮಾ, ನಾವು ಟೆಕ್ನಿಕಲ್ ಜನ. ಕಲ್ಲು ನಿಲ್ಲುತ್ತಾ ಇಲ್ವಾ, ಅಷ್ಟೇ ನಮ್ಮ ಸ್ಕೋಪು. ಪಾಲಿಟಿಕ್ಸ್ ನಮ್ಮ ಸ್ಕೋಪಲ್ಲಿ ಬರಲ್ಲ" ಅಂದರು. ಆಮೇಲೆ, "ನಿಮ್ ತಂದೆಯವರು ಮಾಡ್ತಿರೋದು ಜೀರ್ಣೋದ್ಧಾರ, ಪುಣ್ಯದ ಕೆಲಸ" ಎಂದೂ ಸೇರಿಸಿದರು.

ಜೀರ್ಣೋದ್ಧಾರ! ಎಷ್ಟು ಸರಿಯಾದ ಪದ. ಮಾರ್ಷಲ್ ಒಂದು ಜನವನ್ನೇ ಜೀರ್ಣ ಮಾಡಿಕೊಳ್ಳುತ್ತಾನೆ, ಇವರು ಉದ್ಧಾರವಾಗುತ್ತಾರೆ. ಆ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ನಿನಗೆ ಕ್ಲಾಂಗಿನ ಗುಡಿ ನೆನಪಿದೆಯೇ? ನನಗೆ ಆಗ ಒಂಬತ್ತು ವರ್ಷ. ಯಾರೋ ಕೆಲಸದವನು ಅವಸರದಲ್ಲಿ ಹಂಸ ಕೆತ್ತಿದ ಒಂದು ಕಲ್ಲನ್ನು ಮುಖ ಒಳಗೆ ಮಾಡಿ ಕೂರಿಸಿಬಿಟ್ಟಿದ್ದ. ಮೇಲೆ ಆರು ಸಾಲು ಏರಿಯಾಗಿತ್ತು. ನೀನು ಆರೂ ಸಾಲನ್ನು ಇಳಿಸಿದೆ. "ಮುಖ ಮಾಡಿದ ಕಲ್ಲನ್ನ ಗೋಡಿಗೆ ತಿರುಗಿಸಿದ್ರ ಕಲ್ಲಿಗೆ ಏನೂ ಆಗೂದಿಲ್ಲೋ, ಕೆತ್ತಿದವನ ಮಾರಿಗೆ ಉಗುಳಿದಂಗ" ಅಂದಿದ್ದೆ. ನಾನು ಮರಳಿನ ಗುಡ್ಡೆಯ ಮೇಲೆ ಕೂತು ಕೇಳಿಸಿಕೊಂಡಿದ್ದೆ. ನನ್ನ ಅಪ್ಪನಂಥವನು ಇನ್ನೊಬ್ಬನಿಲ್ಲ ಅಂದುಕೊಂಡಿದ್ದೆ.

ಒಬ್ಬ ಮಾಡಿದ ಒಂದು ಹಂಸಕ್ಕೆ ಆರು ಸಾಲು ಇಳಿಸಿದವನು ನಾನೂರ ಹನ್ನೆರಡು ಮುಖ ತಿರುಗಿಸಿದ್ದಾನೆ, ಮತ್ತೆ ನನ್ನನ್ನೇ ಕೇಳುತ್ತಾನೆ ಏನು ಮಾಡಲಿ ಎಂದು. ಅಳಿಸಲಿಲ್ಲ, ತಿರುಗಿಸಿದೆ ಎಂಬ ಜಾಣತನ ಆ ಅರವತ್ತಮೂರು ಮನೆಯವರಿಗೆ ಯಾವ ಉಪಯೋಗಕ್ಕೆ ಬಂತು?

ಪುಸ್ತಕ ನನ್ನ ಹತ್ತಿರ ಇದೆ. ಕಲ್ಲಿನ ಮುಖದ ಚಿತ್ರ, ಬೆನ್ನಿನ ನಂಬರು, ಬಿಚ್ಚಿದ ತಾರೀಕು, ನಿನ್ನ ಸಹಿ. ಇಲ್ಲಿನ ಒಬ್ಬ ಪತ್ರಕರ್ತೆಗೆ ಕೊಡುತ್ತೇನೆ. ಆದರೆ ನೀನು ಅಲ್ಲಿರುವಾಗ ಕೊಟ್ಟರೆ ನಿನ್ನನ್ನು ಬಿಡುವುದಿಲ್ಲ. ಆದ್ದರಿಂದ ಈಗಲೇ ಹೊರಟು ಬಾ. ಎದೆ ನೋವು ಎಂದು ಹೇಳು, ಮಗಳಿಗೆ ಹುಚ್ಚು ಹಿಡಿದಿದೆ ಎಂದು ಹೇಳು, ಅದೇನೂ ದೊಡ್ಡ ಸುಳ್ಳಲ್ಲ. ಬಾ.

ರತ್ನ


ತೊರ್ವಾನ್
21 ಮೇ 2025

ರತ್ನಾ,

ಪುಸ್ತಕ ಮುಟ್ಟಬೇಡ. ಮೊದಲೇ ಹೇಳುತ್ತೇನೆ, ಮುಟ್ಟಬೇಡ.

ಬಾ ಅಂದರೆ ಬರಲಿಕ್ಕೆ ಇದು ಪುಚೊಂಗಿನ ರೈಲಲ್ಲ. ಜನವರಿಯ ಹಾಗಲ್ಲ, ಲಿಪಿಯ ಸುದ್ದಿ ಹಬ್ಬಿದಂದಿನಿಂದ ಹದಿನಾಲ್ಕು ಜನರ ಪಾಸ್‌ಪೋರ್ಟೂ ಮೇಜರನ ಕಪಾಟಿನಲ್ಲಿವೆ. ಸೋಮವಾರಕ್ಕೊಮ್ಮೆ ನಮ್ಮ ಮುಂದೆಯೇ ಎಣಿಸಿ ಬೀಗ ಹಾಕುತ್ತಾನೆ. ನನ್ನ ಜೊತೆಗೆ ಮಹೇಶನಂಥ ಹರೆಯದವರು ಇದ್ದಾರೆ, ಹೆಂಡತಿ ಮಕ್ಕಳಿರುವವರು. ನಾನು ಬಾಯಿ ತೆರೆದರೆ ಅವರ ಗತಿ? ನೀನು ಏರ್‌ಕಂಡೀಷನ್ ಆಫೀಸಿನಲ್ಲಿ ಕೂತು ನ್ಯಾಯ ಹೇಳುವುದು ಸುಲಭ. ಅದೇ ಕೋಟೆಗೆ ಸುಣ್ಣ ಕಳಿಸುವ ಕಾಗದದ ಮೇಲೆ ಸಹಿ ಯಾರದು? ನನ್ನದೇ?

ಇಪ್ಪತ್ತೇಳು ವರ್ಷ ಮಲೇಷ್ಯಾದಲ್ಲಿ ಏನು ಮಾಡಿದೆ ನಾನು? ಕ್ಲಾಂಗಿನ ಆ ಗುಡಿಯೊಂದು ಬಿಟ್ಟರೆ ಸಿಮೆಂಟಿನ ಗೋಪುರ, ಸಿಮೆಂಟಿನ ನವಿಲು, ಅದಕ್ಕೆ ಹಸಿರು ನೀಲಿ ಬಣ್ಣ. ಬಾದಾಮಿಯ ಕೆಂಪು ಕಲ್ಲಿನಲ್ಲಿ ಕೈ ಕುದುರಿಸಿದವನು. ಅರವತ್ತನೆಯ ವಯಸ್ಸಿಗೆ ಮತ್ತೆ ನಿಜವಾದ ಕಲ್ಲು ಕೈಗೆ ಸಿಕ್ಕಿತು. ಆ ಆಸೆಗೆ ಬಂದೆ. ತಪ್ಪಾ?

ಯೆಲ್ಮಾ ಎಂಬ ಮುದುಕಿಯ ವಿಷಯ ನಿನಗೆ ಬರೆದಿರಲಿಲ್ಲ. ಗೋಡೆಯ ಬುಡದ ಮೊದಲನೇ ಮನೆ ಅವಳದು, ಬಾಗಿಲ ಮೇಲೆ ಬಾಚಣಿಗೆ. ದಿನಾ ಮಧ್ಯಾಹ್ನ ನಮಗೆ ತಾಮ್ರದ ತಂಬಿಗೆಯಲ್ಲಿ ಹುಳಿಮಜ್ಜಿಗೆ ತರುತ್ತಿದ್ದಳು. ಇನ್ನೂರ ಹದಿನಾಲ್ಕನೆಯ ಕಲ್ಲು ಇಳಿಸಿಟ್ಟಾಗ ಬಂದು ಅದರ ಮೇಲಿನ ಬಾಚಣಿಗೆಯನ್ನು ಮುಟ್ಟಿ ಹೋಗುತ್ತಿದ್ದಳು. ಗೋಡೆ ಮತ್ತೆ ಎದ್ದ ದಿನ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದು ಹುಡುಕಿದಳು. ನನ್ನ ಮುಂದೆ ನಿಂತು ತಲೆ ಬಾಚುವ ಹಾಗೆ ಕೈ ಮಾಡಿ, ಎಲ್ಲಿ ಎಂದು ಕೇಳಿದಳು. ಒಳಗಿದೆ ಎಂದು ಕೈ ತೋರಿಸಿದೆ. ಅವಳಿಗೆ ಏನು ತಿಳಿಯಿತೋ. ಮರುದಿನದಿಂದ ಮಜ್ಜಿಗೆ ಬರಲಿಲ್ಲ.

ನೀನು ಬರೆದದ್ದನ್ನು ಅವಳು ಮೊದಲೇ ಹೇಳಿ ಹೋಗಿದ್ದಾಳೆ. ಮತ್ತೆ ಮತ್ತೆ ಚುಚ್ಚಬೇಡ.

ಶಿವಪ್ಪ


ಪುಚೊಂಗ್
10 ಜೂನ್ 2025

ಅಪ್ಪಾ,

ಸಹಿ ನನ್ನದೇ. ಒಪ್ಪಿದೆ. ಹೋದ ತಿಂಗಳೇ ಆ ಕಂಟೇನರಿನ ಕೆಲಸವನ್ನು ಕೇಳಿಕೊಂಡು ಬೇರೆಯವರಿಗೆ ಕೊಡಿಸಿದ್ದೇನೆ, ಪತ್ರ ಮಾತ್ರ ಅವರ ಕೈಯಲ್ಲಿ ಚೀಲಕ್ಕೆ ಹಾಕಿಸುತ್ತಿದ್ದೇನೆ. ಅದರಿಂದ ಯಾರ ಮನೆಯೂ ಉಳಿಯುವುದಿಲ್ಲ, ಅದೂ ಗೊತ್ತು.

ಆದರೆ ಆ ಮುದುಕಿಯ ಮಜ್ಜಿಗೆ ಕುಡಿದು, ಅವಳ ಕಲ್ಲು ತಿರುಗಿಸಿ, "ಒಳಗಿದೆ" ಎಂದು ಕೈ ತೋರಿಸಿದೆಯಲ್ಲ. ಉಂಡ ಮನೆಯ ಗಳ ಹಿರಿಯುವುದು ಎನ್ನುತ್ತಾರಲ್ಲ, ಅದು ಗಾದೆ ಅಂದುಕೊಂಡಿದ್ದೆ. ನಮ್ಮ ಮನೆಯ ಸಮಾಚಾರ ಎಂದು ಗೊತ್ತಿರಲಿಲ್ಲ.

ಅಭಿಷೇಕ ದಿನಾ ನನ್ನನ್ನು ಸಮಾಧಾನ ಮಾಡುತ್ತಾನೆ. "ಅವರ ದೇಶ, ಅವರ ಕೋಟೆ. ಮಾವನವರು ಸೇಫಾಗಿ ಬರಲಿ, ಅಷ್ಟೇ ನೋಡು" ಎನ್ನುತ್ತಾನೆ. ಒಳ್ಳೆಯ ಗಂಡ. ಅವನ ಮಾತು ಕೇಳಿದರೆ ಮೈ ಉರಿಯುತ್ತದೆ, ಯಾಕೆಂದರೆ ನನಗೂ ಬೇಕಾಗಿರುವುದು ಅದೇ.

ಪತ್ರಕರ್ತೆಯನ್ನು ಕಂಡೆ. ಫಹ್ಮೀದಾ ಎಂದು, ಭಟ್ಕಳದ ಕಡೆಯವರು, ಇಲ್ಲೇ ಪತ್ರಿಕೆಯಲ್ಲಿದ್ದಾರೆ. ಕನ್ನಡ ಓದಬಲ್ಲರು. ಪುಸ್ತಕ ತೋರಿಸಲಿಲ್ಲ, ಇದೆ ಎಂದಷ್ಟೇ ಹೇಳಿದೆ. "ನಿಮ್ಮ ತಂದೆ ಬಂದ ಮೇಲೆ ಕೊಡಿ. ಆದರೆ ಮನೆ ಬಿದ್ದ ಮೇಲೆ ಕೊಟ್ಟರೆ ಅದು ಸುದ್ದಿ ಆಗತ್ತೆ, ತಡೆ ಆಗಲ್ಲ" ಅಂದರು.

ಬರುವ ದಾರಿ ಹುಡುಕು. ನಿನಗೆ ಸಂಕಟವಾಗಲಿ ಎಂದೇ ಬರೆಯುತ್ತಿದ್ದೇನೆ.

ರತ್ನ


ತೊರ್ವಾನ್
6 ಜುಲೈ 2025

ರತ್ನವ್ವ,

ದಾರಿ ಸಿಕ್ಕಿದೆ. ನಾನು ಹುಡುಕಿದ್ದಲ್ಲ, ಅವರೇ ಕೊಟ್ಟದ್ದು. ಆಗಸ್ಟ್ ಇಪ್ಪತ್ತಕ್ಕೆ ಉದ್ಘಾಟನೆಯ ವೇದಿಕೆಯ ಮೇಲೆ ನನಗೆ ಸನ್ಮಾನವಂತೆ. ಮಾರ್ಷಲ್ ಕೈಯಿಂದ ಶಾಲು. ಪ್ರೊಫೆಸರ್ ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗುತ್ತಾನಂತೆ, ನಾನು ಲಿಪಿಯ ಮೇಲೆ ಕೈಯಿಟ್ಟು ತಲೆ ಬಾಗಬೇಕಂತೆ. ಇಪ್ಪತ್ತೆರಡಕ್ಕೆ ನಮ್ಮೆಲ್ಲರಿಗೂ ಪಾಸ್‌ಪೋರ್ಟ್, ವಿಮಾನ. ಮೇಜರ್ ಟಿಕೆಟ್ ತೋರಿಸಿದ.

ನಿನ್ನೆ ಪ್ರೊಫೆಸರ್ ಬಂದು, ಪೂರ್ವಜರು ಇಷ್ಟು ಸಣ್ಣ ಗೆರೆಯನ್ನು ಯಾವ ಆಯುಧದಲ್ಲಿ ಕೊರೆದಿರಬಹುದು ಎಂದು ನನ್ನನ್ನೇ ಕೇಳಿದ. ನನ್ನ ಕಿಸೆಯಲ್ಲೇ ಇತ್ತು ಚಾಣ. ನನಗೆ ಗೊತ್ತಿಲ್ಲ ಅಂದೆ. ಈ ಸಲ ಕೆಮ್ಮು ಬರಲಿಲ್ಲ.

ಇಪ್ಪತ್ತೆರಡರವರೆಗೆ ಬಾಯಿ ಮುಚ್ಚಿಕೊಂಡಿರು. ಬಂದ ಮೇಲೆ ಪುಸ್ತಕವನ್ನು ಯಾರಿಗೆ ಬೇಕಾದರೂ ಕೊಡು, ಬೇಕಾದರೆ ನನ್ನ ಕೊರಳಿಗೇ ಕಟ್ಟಿ ಮೆರವಣಿಗೆ ಮಾಡು. ಅನನ್ಯಳಿಗೆ ಹನ್ನೆರಡರ ಮಗ್ಗಿ ಕಲಿಸಿಡು. ಬಂದು ಒಪ್ಪಿಸಿಕೊಳ್ಳುತ್ತೇನೆ.

ಅಪ್ಪ


ಪುಚೊಂಗ್
27 ಜುಲೈ 2025

ಅಪ್ಪಾ,

ಇಪ್ಪತ್ತಕ್ಕೆ ಮನೆ ಬೀಳುತ್ತವೆ, ಇಪ್ಪತ್ತೆರಡಕ್ಕೆ ನೀನು ಬರುತ್ತೀ. ಆ ಎರಡು ದಿನದ ಲೆಕ್ಕ ನಿನಗೆ ಹೊಳೆಯಲಿಲ್ಲ ಎಂದು ನಾನು ನಂಬುವುದಿಲ್ಲ.

ಬುಧವಾರ ಫಹ್ಮೀದಾ ಅವರನ್ನು ಮತ್ತೆ ಭೇಟಿ ಮಾಡಲು ಹೋದೆ. ಪುಸ್ತಕ ಬ್ಯಾಗಿನಲ್ಲಿತ್ತು. ಎಲ್‌ಆರ್‌ಟಿ ರೈಲು ಇಳಿದು ಅವರ ಆಫೀಸಿನ ಬಾಗಿಲವರೆಗೆ ನಡೆದೆ. ಅಲ್ಲೇ ನಿಂತೆ. ಅರವತ್ತಮೂರು ಮನೆ ಒಂದು ಕಡೆ, ನೀನು ಒಂದು ಕಡೆ. ವಾಪಸು ಬಂದೆ. ಪುಸ್ತಕವನ್ನು ಮತ್ತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದೇ ಅಕ್ಕಿ ಡಬ್ಬದ ಹಿಂದೆ ಇಟ್ಟೆ.

ಈಗ ತಿಳಿಯಿತು ನೀನು ಆ ಚಾಣ ಹಿಡಿದು ನಿಂತ ದಿನ ಹೇಗಿತ್ತು ಎಂದು. ನಾನೂ ಅಳಿಸಲಿಲ್ಲ ಅಪ್ಪಾ, ಬರಿ ಮುಖ ತಿರುಗಿಸಿದೆ. ನಿನ್ನ ಮಗಳೇ ನಾನು. ಮೂರು ತಿಂಗಳು ನಿನ್ನನ್ನು ಬೈದೆ, ಕೊನೆಗೆ ನಿನ್ನ ಕೆಲಸವನ್ನೇ ಮುಂದುವರಿಸಿದೆ. ನಾಳೆ ಅನನ್ಯ ದೊಡ್ಡವಳಾಗಿ ಕೇಳಿದರೆ ಇಬ್ಬರೂ ಕೂತು ಹೇಳೋಣ, ಎಲ್ಲ ಒಳಗೆ ಹಾಗೇ ಇದೆ ಎಂದು.

ಶಾಲು ಹೊದೆಸಿಕೊಂಡು ಬಾ. ಹನ್ನೆರಡರ ಮಗ್ಗಿ ಕಲಿಸಿದ್ದೇನೆ. ನಿನ್ನ ಮೇಲೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ರತ್ನ


ಕ್ಲಾಂಗ್
3 ಸೆಪ್ಟೆಂಬರ್ 2025

ರತ್ನಕ್ಕನವರಿಗೆ ಮಹೇಶನ ನಮಸ್ಕಾರಗಳು.

ನಾನು ಶಿವಪ್ಪ ಕಾಕಾನ ಜೊತೆ ಕೋಟೆಯ ಕೆಲಸದಲ್ಲಿದ್ದವನು. ನಮ್ಮ ಹದಿಮೂರು ಜನರನ್ನು ಮೊನ್ನೆ ಇಲ್ಲಿಗೆ ಕಳಿಸಿದರು. ಕಾಕಾನನ್ನು ಕಳಿಸಲಿಲ್ಲ. ನಿಮ್ಮ ಮನೆಗೆ ಬಂದು ಹೇಳಬೇಕಿತ್ತು, ಬಾಗಿಲು ತೆರೆದು ನಿಮ್ಮ ಮುಖ ಕಂಡರೆ ನನಗೆ ಮಾತು ಬರುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಆಗಸ್ಟ್ ಹದಿನೇಳಕ್ಕೆ ನಿಮ್ಮ ಪತ್ರ ಬಂತು. ಕಾಕಾ ಊಟ ಬಿಟ್ಟು ಎರಡು ಸಲ ಓದಿದ. ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಏನಂತ ಕಾಕಾ ಅಂದೆ. "ನಾ ಮಾಡಿದ್ದನ್ನ ನನ್ನ ಮಗಳ ಕೈಲೆ ಮಾಡಿಸಿಬಿಟ್ಟೆನಲ್ಲೋ ಮಹೇಶ. ಅಕೀನ್ನ ನನ್ನಂಗ ಆಗಾಕ ಬಿಡಬಾರದು" ಅಂದ. ಆಮೇಲೆ ಮೂರು ದಿನ ಅಲ್ಲಿನವನೇ ಆದ ಅಡುಗೆಯವನ ಹತ್ತಿರ ಕೂತು ತೊರ್ವಾನರ ಭಾಷೆಯ ಕೆಲವು ಮಾತು ಕಲಿತ. ನಮಗೆ ಯಾರಿಗೂ ಏನೂ ಹೇಳಲಿಲ್ಲ. ಗೊತ್ತಿದ್ದರೆ ನಮ್ಮನ್ನೂ ಹಿಡಿಯುತ್ತಾರೆ ಎಂದು ಹೇಳಲಿಲ್ಲ, ಅದು ಈಗ ತಿಳಿಯುತ್ತದೆ.

ಇಪ್ಪತ್ತಕ್ಕೆ ಮಧ್ಯಾಹ್ನ ಶಾಲು ಹೊದಿಸಿದರು. ಟಿವಿಯವರು ಇದ್ದರು. ಹಗ್ಗದ ಆಚೆ ಸೊಲಾನ್ ಜನರನ್ನೂ ತಂದು ನಿಲ್ಲಿಸಿದ್ದರು. ಪ್ರೊಫೆಸರ್ ಬಾಗಿಲ ಪಕ್ಕದ ಕಲ್ಲು ತೋರಿಸಿದ. ಕಾಕಾ ಅಲ್ಲಿ ನಿಲ್ಲಲಿಲ್ಲ. ನಡೆದುಕೊಂಡು ಇನ್ನೂರ ಹದಿನಾಲ್ಕರ ಹತ್ತಿರ ಹೋದ. ಅದರ ಮೇಲೆ ಕೈಯಿಟ್ಟು ಅವರ ಭಾಷೆಯಲ್ಲೇ ದೊಡ್ಡದಾಗಿ ಅಂದ: ಇದು ಅಕ್ಷರ ಅಲ್ಲ, ನಂಬರು. ನಾನು ಬರೆದದ್ದು. ಇದರ ಹಿಂದೆ ಬಾಚಣಿಗೆ ಇದೆ.

ಆಮೇಲೆ ಹಗ್ಗದ ಆಚೆಯಿಂದ ಯೆಲ್ಮಾ ಮುದುಕಿ ಕೈ ಎತ್ತಿದಳು. ಕಾಕಾ ಮುಂದಿನ ಕಲ್ಲಿಗೆ ಹೋದ. "ಇನ್ನೂರ ಹದಿನೈದು" ಎಂದು ನಮ್ಮ ಮಾತಿನಲ್ಲಿ ಅಂದು, "ಮೀನು" ಎಂದು ಅವರ ಮಾತಿನಲ್ಲಿ ಅಂದ. ಮೀನಿನ ಮನೆಯವರು ಕೈ ಎತ್ತಿದರು. ಹದಿನಾರು, ಕುಡುಗೋಲು. ಅವರೂ ಎತ್ತಿದರು. ಸಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಆಯಿತು ಅಕ್ಕಾ. ಪುಸ್ತಕ ಇಲ್ಲದೆ, ಒಂದೂ ತಪ್ಪಲಿಲ್ಲ. ಇನ್ನೂರ ಮೂವತ್ತೊಂದರ ತನಕ ಹೋದ. ಅಲ್ಲಿ ಸಿಪಾಯಿಗಳು ಹಿಡಿದರು. ಟಿವಿ ಆಗಲೇ ಬಂದ್ ಆಗಿತ್ತು.

ಅವತ್ತು ಮನೆ ಕೆಡವಲಿಲ್ಲ, ಅವರಿಗೇ ದಿಕ್ಕು ತೋಚಲಿಲ್ಲ. ಮೂರು ದಿನ ಬಿಟ್ಟು ಯಂತ್ರ ತಂದರು. ನಾವು ಹೊರಡುವಾಗ ಇಪ್ಪತ್ತೊಂಬತ್ತು ಬಿದ್ದಿದ್ದವು. ಯೆಲ್ಮಾಳದೂ ಬಿತ್ತು.

ಎಳೆದುಕೊಂಡು ಹೋಗುವಾಗ ಕಾಕಾ ನನ್ನ ಕಡೆ ನೋಡಿ ಒಂದೇ ಮಾತು ಕೂಗಿದ: "ರತ್ನಗ ಹೇಳು, ಇನ್ನ ಕಾಯೂದೇನಿಲ್ಲ."

ಮಹೇಶ


ಪುಚೊಂಗ್
26 ಅಕ್ಟೋಬರ್ 2025

ಅಪ್ಪಾ,

ಈ ಪತ್ರ ಸುಣ್ಣದ ಚೀಲದಲ್ಲಿ ಬರುತ್ತಿಲ್ಲ. ಸುಣ್ಣ ಹೋಗುವುದು ನಿಂತಿದೆ. ಕೈದಿಗಳ ಪರ ಕೆಲಸ ಮಾಡುವ ವಕೀಲರೊಬ್ಬರ ಕೈಯಲ್ಲಿ ಕೊಡುತ್ತಿದ್ದೇನೆ. ನಿನಗೆ ಮುಟ್ಟುತ್ತದೋ ಇಲ್ಲವೋ, ಬರೆಯದೆ ಇರಲು ಆಗುವುದಿಲ್ಲ.

ಮಹೇಶನ ಪತ್ರ ಬಂದ ಮರುದಿನವೇ ಪುಸ್ತಕವನ್ನು ಫಹ್ಮೀದಾ ಅವರ ಮೇಜಿನ ಮೇಲಿಟ್ಟೆ. ನಾನೂರ ಹನ್ನೆರಡು ಪುಟವನ್ನೂ ಫೋಟೊ ತೆಗೆದರು. ನಂಬರು, ಮುಖ, ತಾರೀಕು, ಸಹಿ, ಎಲ್ಲ ಅಚ್ಚಾಯಿತು. ಕಾರ್ತಿಕೇಯ ಹೇಳಿಕೆ ಕೊಟ್ಟಿದ್ದಾರೆ, ಇದು ಒಬ್ಬ ಕೆಲಸಗಾರನ ವೈಯಕ್ತಿಕ ತಪ್ಪು ಎಂದು. ಕೋಟೆಯ ಆ ದೊಡ್ಡ ಫೋಟೊ ಅವರ ಆಫೀಸಿನ ಗೋಡೆಯಿಂದ ಇಳಿದಿದೆಯಂತೆ. ಪ್ರೊಫೆಸರ್ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ನಂಬರುಗಳ ಮೇಲೆ ಸಿಮೆಂಟು ಮೆತ್ತಿಸಿದ್ದಾರೆ. ಗಾರೆಯ ಗೋಡೆಯ ಮೇಲೆ ಸಿಮೆಂಟು ಎಷ್ಟು ದಿನ ನಿಲ್ಲುತ್ತದೆ ಎಂದು ಅವರಿಗೆ ಹೇಳುವವನನ್ನೇ ಒಳಗೆ ಹಾಕಿದ್ದಾರೆ.

ಸುದ್ದಿ ಬಂದ ಮೇಲೆ ಕೆಡವುವುದನ್ನು ಬಿಟ್ಟಿದ್ದಾರೆ, ಮೂವತ್ತನಾಲ್ಕು ಮನೆ ಇನ್ನೂ ನಿಂತಿವೆ. ಇಪ್ಪತ್ತೊಂಬತ್ತು ಇಲ್ಲ. ನಾನು ಜುಲೈನಲ್ಲಿ ಆ ಬಾಗಿಲು ತಟ್ಟಿದ್ದರೆ ಅವೂ ಇರುತ್ತಿದ್ದವೇನೋ. ಇದನ್ನು ಯಾರು ಎಷ್ಟು ಸಮಾಧಾನ ಹೇಳಿದರೂ ನಾನು ಇಳಿಸಿಡುವುದಿಲ್ಲ. ಯೆಲ್ಮಾ ತನ್ನ ಬಾಗಿಲನ್ನು ಮಾತ್ರ ಉಳಿಸಿಕೊಂಡಿದ್ದಾಳಂತೆ. ಅದನ್ನು ತಂದು ಕೋಟೆಯ ಗೋಡೆಗೆ ಒರಗಿಸಿದ್ದಾಳೆ, ಇನ್ನೂರ ಹದಿನಾಲ್ಕರ ಕೆಳಗೆ, ಬಾಚಣಿಗೆ ಹೊರಗೆ ಕಾಣುವ ಹಾಗೆ. ಸಿಪಾಯಿಗಳು ತೆಗೆದರೆ ಮರುದಿನ ಮತ್ತೆ ತಂದಿಡುತ್ತಾಳಂತೆ.

ನಿನ್ನ ಮೇಲೆ ನನಗೆ ಇನ್ನೂ ಸಿಟ್ಟು. ಮೊದಲು ಬಾಯಿ ಬಿಡಲಿಲ್ಲವೆಂದು ಸಿಟ್ಟಿತ್ತು, ಈಗ ಬಿಟ್ಟೆಯಲ್ಲ ಎಂದು. ನನ್ನ ಒಂದು ಪತ್ರ ಕಿಸೆಯಲ್ಲಿಟ್ಟುಕೊಂಡು ಅಷ್ಟು ದೂರ ನಡೆಯಬೇಕಿತ್ತೇ? ನಾನು ಬೈಯುವುದು ನಿನಗೆ ಹೊಸದೇ? ಇಷ್ಟು ವರ್ಷದಲ್ಲಿ ನನ್ನ ಯಾವ ಮಾತು ಕೇಳಿದ್ದೆ, ಇದೊಂದನ್ನು ಕೇಳಲು?

ಹದಿನೇಳು ಕಲ್ಲು ಓದಿದ ಮೇಲೆ ಹಿಡಿದರು ಎಂದು ವಕೀಲರು ಅಂದರು. ಇನ್ನೂರ ಹದಿನಾಲ್ಕರಿಂದ ಇನ್ನೂರ ಮೂವತ್ತೊಂದಕ್ಕೆ ಹದಿನೆಂಟಾಗುತ್ತದೆ, ಹದಿನೇಳಲ್ಲ ಎಂದು ಅನನ್ಯ ವಕೀಲರನ್ನು ತಿದ್ದಿದಳು. ಹನ್ನೆರಡರ ಮಗ್ಗಿ ಅವಳಿಗೆ ಬಾಯಿಪಾಠವಾಗಿದೆ. ಒಪ್ಪಿಸಿಕೊಳ್ಳುವವರಿಲ್ಲ.

ನಿನಗೂ ಅಲ್ಲಿ ಒಂದು ನಂಬರು ಕೊಟ್ಟಿದ್ದಾರೆ ಎಂದು ವಕೀಲರು ಹೇಳಿದರು. ಸಾವಿರದ ನೂರ ಎಂಬತ್ತೇಳು. ಮನೆಗೆ ಬಂದು ಪುಸ್ತಕ ತೆಗೆದೆ. ಕೊನೆಯಲ್ಲಿ ಒಂದು ಪುಟ ಖಾಲಿ ಇತ್ತು. ನೀನು ಗೆರೆ ಹಾಕುವ ಹಾಗೆಯೇ ಗೆರೆ ಹಾಕಿದೆ. ನಂಬರಿನ ಮನೆಯಲ್ಲಿ ಅನನ್ಯಳ ಕೈಯಲ್ಲಿ ೧೧೮೭ ಎಂದು ಬರೆಸಿದೆ, ಅವಳ ಏಳೂ ನಿನ್ನ ಹಾಗೆಯೇ ಡೊಂಕು. ಮುಖದ ಮನೆಯಲ್ಲಿ ಅವಳೇ ನಿನ್ನ ಮೀಸೆ ಬರೆದಳು. ಜಾಗದ ಮನೆಯಲ್ಲಿ ನಾನು ಬರೆದೆ: ಪುಚೊಂಗ್, ಮೂರನೇ ಮಹಡಿ, ಬಾಲ್ಕನಿಯ ಪಕ್ಕದ ಕೋಣೆ.

ನಂಬರು ಹಾಕುವುದು ಏಕೆ ಎಂದು ನೀನೇ ಹೇಳಿದ್ದೀ.

ನಿನ್ನ ಮಗಳು
ರತ್ನ